ತಲೆ ಎಣಿಕೆ

ಮತದಾನದ ಗಂಟೆ ಇನ್ನೂ ಮೊಳಗುತ್ತಲೇ ಇತ್ತು. ಸದನದ ನಾಲ್ಕೂ ಬಾಗಿಲುಗಳ ಬಳಿ ಕಾವಲಿನವರು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು. ಮೂರು ನಿಮಿಷ, ಅಷ್ಟೇ. ಆಮೇಲೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಸದಸ್ಯರು ಕ್ಯಾಂಟೀನಿನಿಂದ, ಮೊಗಸಾಲೆಯಿಂದ ಓಡಿ ಬರುತ್ತಿದ್ದರು. ಒಬ್ಬರಂತೂ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ನುಗ್ಗಿದರು. ಎತ್ತರದ ಪೀಠದಲ್ಲಿ ಕೂತಿದ್ದ ಉಪಸಭಾಧ್ಯಕ್ಷೆಗೆ ಬಸ್ಸು ಹೊರಡುವ ಹೊತ್ತಿನ ಸ್ಟ್ಯಾಂಡೇ ಕಣ್ಣಮುಂದೆ ಬಂದಂತಾಯಿತು. ನಾಲಗೆಯ ತುದಿಗೆ ಬಂದಿದ್ದ ‘ರೈಟ್’ ಎಂಬ ಕೂಗನ್ನು ನುಂಗಿಕೊಂಡಳು.

ಹದಿನೆಂಟು ವರ್ಷ ಕಂಡಕ್ಟರಾಗಿದ್ದವಳು. ಉಪಸಭಾಧ್ಯಕ್ಷೆಯಾಗಿ ಎಂಟು ತಿಂಗಳಾಗಿದ್ದರೂ ಅವಳಿಗೆ ಪೀಠ ಸಿಗುತ್ತಿದ್ದುದು ಮಧ್ಯಾಹ್ನದ ಊಟವಾದ ಮೇಲೆ, ಅರ್ಧ ಸದನ ಖಾಲಿಯಾಗಿ ಉಳಿದರ್ಧ ತೂಕಡಿಸುವಾಗ. ಇವತ್ತು ಬೆಳಗಾಗುವಷ್ಟರಲ್ಲಿ ಸಭಾಧ್ಯಕ್ಷರು ಮೂತ್ರಪಿಂಡದ ಕಲ್ಲಿನ ನೋವಿಗೆ ಆಸ್ಪತ್ರೆ ಸೇರಿದ್ದರು. ಇಡೀ ಅಧಿವೇಶನದ ಅತಿ ದೊಡ್ಡ ಮತದಾನ ಅವಳ ಮಡಿಲಿಗೆ ಬಂದು ಬಿದ್ದಿತ್ತು.

ಅದೂ ಎಂಥ ಮತದಾನ! ಬಸ್ಸು ಓಡಿಸುವವರನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು ಎನ್ನುವ ಮಸೂದೆ. ಪಕ್ಷದವರ ಬೆನ್ನು ಹತ್ತಿ, ಮಂತ್ರಿಗಳ ಬಾಗಿಲು ಕಾದು, ಅದಕ್ಕೆ ಜೀವ ಕೊಟ್ಟವಳು ಅವಳೇ. ಅವಳ ಗಂಡ ಇನ್ನೂ ಡ್ರೈವರು. ವಾರಕ್ಕೆ ಮೂರು ದಿನ ಡಬಲ್ ಡ್ಯೂಟಿ. ಹೋದ ತಿಂಗಳು ಸ್ಟೇರಿಂಗಿನ ಮುಂದೆ ಅರೆಗಳಿಗೆ ಕಣ್ಣು ಮುಚ್ಚಿಹೋಗಿ, ಬಸ್ಸು ರಸ್ತೆ ನಡುವಿನ ಕಟ್ಟೆ ಹತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ದಿನ ಮನೆಗೆ ಬಂದವನು ಚಪ್ಪಲಿ ಬಿಚ್ಚದೆ ಒಂದು ಗಂಟೆ ಹೊಸ್ತಿಲ ಮೇಲೆ ಕೂತಿದ್ದ. ಈಗ ಅವನೂ ಡಿಪೋದವರೂ ವಿಶ್ರಾಂತಿ ಕೋಣೆಯ ಟೀವಿಯ ಮುಂದೆ ಜಮಾಯಿಸಿದ್ದರು.

ಆಡಳಿತ ಪಕ್ಷದ ಇಬ್ಬರು ಬಸ್ಸು ಮಾಲೀಕರಿಗೆ ಇವತ್ತೇ ಜ್ವರ ಬಂದಿತ್ತು. ಹಾಗಾಗಿ ಎರಡೂ ಕಡೆಗಳ ನಡುವೆ ಕೂದಲೆಳೆಯ ಅಂತರ. ಗಂಟೆ ನಿಲ್ಲುವ ಕೊನೆಯ ಕ್ಷಣಕ್ಕೆ ವಿರೋಧ ಪಕ್ಷದ ಹಿರಿಯರು, ಎಲ್ಲರೂ ಕೋಲಜ್ಜ ಎನ್ನುತ್ತಿದ್ದವರು, ಕೋಲನ್ನು ಮೊದಲು ಒಳಗಿಟ್ಟು ಆಮೇಲೆ ತಾವು ಬಂದರು. ಹಿಂದೆಯೇ ಚಿಲಕ ಬಿತ್ತು.

ಮತ ತೋರಿಸುವ ಬೋರ್ಡು ಬೆಳಿಗ್ಗೆಯಿಂದ ಕೆಟ್ಟು ಕೂತಿತ್ತು. ಎದ್ದು ನಿಂತವರನ್ನು ಸಾಲುಸಾಲಾಗಿ ಎಣಿಸಬೇಕು. “ಪರವಾಗಿರುವವರು ಎದ್ದು ನಿಲ್ಲಿ,” ಎಂದಳು. ಎಣಿಸುವ ಗುಮಾಸ್ತ ಬೆಂಚಿನಿಂದ ಬೆಂಚಿಗೆ ಸರಿಯುತ್ತ ಕಾಗದದಲ್ಲಿ ಗೀಟು ಹಾಕತೊಡಗಿದ. ಅವಳ ಬಲಗೈ ಹೆಬ್ಬೆರಳು ಅವಳನ್ನು ಕೇಳದೆಯೇ ಬೆರಳಿನ ಗೆಣ್ಣುಗಳ ಮೇಲೆ ಓಡಿತು. ಹಿಂದಿನಿಂದ ಮುಂದಕ್ಕೆ, ತುಟಿ ಅಲ್ಲಾಡಿಸದೆ. ಕಿಕ್ಕಿರಿದ ಬಸ್ಸಿನಲ್ಲೂ ತಪ್ಪದ ಲೆಕ್ಕ ಅದು. ಆಮೇಲೆ ವಿರೋಧದವರ ಸರದಿಯೂ ಮುಗಿಯಿತು. ಪರ ನಲವತ್ತೇಳು. ವಿರೋಧ ನಲವತ್ತೇಳು.

ಪೀಠದ ಕೆಳಗೆ ಕೂತಿದ್ದ ಕಾರ್ಯದರ್ಶಿ ಚೀಟಿಯನ್ನು ಮೇಲಕ್ಕೆ ಕೊಟ್ಟ. ಪರ ನಲವತ್ತೆಂಟು, ವಿರೋಧ ನಲವತ್ತೇಳು.

ಸುದ್ದಿ ಆಗಲೇ ಸೋರಿತ್ತು. ಆಡಳಿತ ಪಕ್ಷದ ಮುಖ್ಯ ಸಚೇತಕ ಕೂತಲ್ಲಿಂದಲೇ ಮುಷ್ಟಿ ಎತ್ತಿ ಕುಣಿಸಿದ. ಮೇಜುಗಳು ದಡದಡ ಸದ್ದು ಮಾಡಿದವು. ಅವಳು ಚೀಟಿಯನ್ನು ನೋಡಿದಳು, ಮತ್ತೆ ಸಾಲುಗಳನ್ನು ನೋಡಿದಳು. ಮೂರನೇ ಸಾಲಿನ ಕೊನೆಯ ಬೆಂಚಿನಲ್ಲಿ ಕಣ್ಣು ನಿಂತಿತು. ಐದು ಜನರ ಬೆಂಚು. ತುದಿಯಲ್ಲಿ ‘ಗೊರಕೆ’ ಎಂದೇ ಹೆಸರಾದ ದಢೂತಿ ಸದಸ್ಯ, ಇಬ್ಬರ ಜಾಗ ಆಕ್ರಮಿಸಿ ಕೂತಿದ್ದ. ಅವನ ಮಗ್ಗುಲಲ್ಲಿ ಒಂದು ಕಂದು ಶಾಲು, ಒಂದು ಫೈಲು. ಅದು ಅವಳದೇ ಸೀಟು.

ಕಂಡಕ್ಟರು ತನ್ನನ್ನು ತಾನು ಎಣಿಸಿಕೊಳ್ಳುವುದಿಲ್ಲ. ಗುಮಾಸ್ತ ಅವಳನ್ನೂ ಎಣಿಸಿದ್ದ.

ಚೀಟಿ ಓದಿಬಿಟ್ಟರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ನಾಳೆಯಿಂದ ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ, ಕಾಲು ಚಾಚಿ ಮಲಗುತ್ತಾನೆ. ಅವಳನ್ನು ಆರಿಸಿದ ದಿನ ಈ ಸದನದ ರೂಢಿಯಂತೆ ಎರಡೂ ಪಕ್ಷದ ಇಬ್ಬರು ಹಿರಿಯರು ಅವಳನ್ನು ನಡೆಸಿಕೊಂಡು ಬಂದು ಇದೇ ಪೀಠದಲ್ಲಿ ಕೂರಿಸಿದ್ದರು. ಬಲಗೈ ಹಿಡಿದಿದ್ದವರು ಮುಖ್ಯಮಂತ್ರಿ. ಎಡಗೈ ಹಿಡಿದಿದ್ದವರು ಕೋಲಜ್ಜ, ತಮ್ಮ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಷ್ಟು ದೂರ ಅವಳ ಮೇಲೇ ಭಾರ ಬಿಟ್ಟು ನಡೆದಿದ್ದರು.

“ಎಣಿಕೆ ತಪ್ಪಿದೆ,” ಎಂದಳು ಮೈಕಿನಲ್ಲಿ. “ಮೂರನೇ ಸಾಲಿನ ಕೊನೇ ಬೆಂಚು ಇನ್ನೊಂದ್ಸಲ ಎಣಿಸಿ.”

ಸದನ ಗಕ್ಕನೆ ನಿಂತಿತು. ಗುಮಾಸ್ತ ಓಡಿಹೋಗಿ ಎಣಿಸಿದ, ಮತ್ತೊಮ್ಮೆ ಎಣಿಸಿದ, ಮುಖ ಕಪ್ಪಿಟ್ಟಿತು. “ಆ ಬೆಂಚಲ್ಲಿ ದಿನಾ ಐದು ಜನಾನೇ ಅಲ್ವಾ ಮೇಡಂ. ಎಲ್ಲಾ ಎದ್ದಿದ್ರು, ಐದು ಅಂತ ಬರೆದ್ಬಿಟ್ಟೆ.”

“ಐದನೆಯವಳು ಇಲ್ಲಿ ಕೂತಿದೀನಲ್ಲಪ್ಪಾ!”

ನಗು ಗ್ಯಾಲರಿಯವರೆಗೂ ಹಾರಿತು. “ಇಬ್ಬರ ಹಾಗೆ ಕಾಣೋದು ನನ್ನ ತಪ್ಪಾ?” ಎಂದು ಗೊರಕೆ ಹೊಟ್ಟೆ ತಟ್ಟಿಕೊಂಡ. ಮರುಕ್ಷಣವೇ ಎರಡೂ ಕಡೆಯವರಿಗೆ ಲೆಕ್ಕ ಹೊಳೆಯಿತು, ನಗು ಕತ್ತರಿಸಿದಂತೆ ನಿಂತಿತು. ಸಮ ಸಮ. ಇನ್ನು ಪೀಠವೇ ಮತ ಹಾಕಬೇಕು.

ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದು ಅವಳ ಕಿವಿಯ ಬಳಿ ಬಗ್ಗಿದ. “ಹಿಂದೆ ನಾಲ್ಕು ಸಲ ಹೀಗಾಗಿದೆ ಮೇಡಂ. ನಾಲ್ಕು ಸಲಾನೂ ಪೀಠ ‘ಇಲ್ಲ’ ಅಂದಿದೆ. ಇದ್ದಿದ್ದು ಇದ್ದ ಹಾಗೇ ಇರ್ಲಿ, ಬದಲಾಯಿಸೋದಾದ್ರೆ ಸದನವೇ ಬದಲಾಯಿಸ್ಲಿ, ಕುರ್ಚಿ ಅಲ್ಲ ಅಂತ. ಕಾನೂನಲ್ಲ, ರೂಢಿ ಅಷ್ಟೇ. ನಿಮ್ಮಿಷ್ಟ.”

“ಇದು ಬಿದ್ದುಹೋದ್ರೆ ಮತ್ತೆ ಯಾವಾಗ ತರಬಹುದು?”

“ಮುಂದಿನ ಅಧಿವೇಶನಕ್ಕೆ. ಆರು ತಿಂಗಳು.”

ಆರು ತಿಂಗಳು. ವಾರಕ್ಕೆ ಮೂರರಂತೆ ಎಷ್ಟು ಡಬಲ್ ಡ್ಯೂಟಿ ಎಂದು ಹೆಬ್ಬೆರಳು ಗೆಣ್ಣುಗಳ ಮೇಲೆ ಹೊರಟಿತು. ಅವಳು ಕೈ ಮುಚ್ಚಿದಳು.

“ಹೌದು ಅನ್ನಿ ಅಕ್ಕಾ!” ಮುಖ್ಯ ಸಚೇತಕ ಎದ್ದೇ ನಿಂತಿದ್ದ. “ನಿಮ್ಮ ಮಸೂದೆ ಕಣಕ್ಕಾ ಇದು! ನಿಮ್ಮದು!”

“ಟಿಕೆಟಕ್ಕಾ, ಬಸ್ಸು ಯಾವ ಕಡೆಗೆ?” ಎದುರು ಬದಿಯ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. “ರೈಟ್! ರೈಟ್!” ಎಂದು ಹತ್ತು ಜನ ದನಿಗೂಡಿಸಿದರು. ಇಡೀ ಸಭಾಂಗಣ ಮೇಲೆದ್ದಿತ್ತು. ಕೂತೇ ಇದ್ದವರು ಒಬ್ಬರೇ. ಕೋಲಜ್ಜ ಕೋಲಿನ ಹಿಡಿಯ ಮೇಲೆ ಗಲ್ಲವಿಟ್ಟು, ಕೂಗದೆ, ಅವಳನ್ನೇ ನೋಡುತ್ತಿದ್ದರು.

ಅವಳು ಎದ್ದು ನಿಂತಳು. ರೂಢಿಯಂತೆ ಉಳಿದವರೆಲ್ಲ ಕೂತರು.

“ಪೀಠದ ಮತ,” ಎಂದಳು. ಮೈಕು ಹತ್ತಿರಕ್ಕೆಳೆದು ಇನ್ನೊಮ್ಮೆ ಹೇಳಿದಳು. “ಪೀಠದ ಮತ, ಇಲ್ಲ.”

ಎರಡೂ ಕಡೆ ಏಕಕಾಲಕ್ಕೆ ಸಿಡಿಯಿತು. ಗೆದ್ದವರಿಗೂ ನಂಬಿಕೆ ಬಂದಿರಲಿಲ್ಲ. ಮಸೂದೆಯ ಒಂದು ಪ್ರತಿ ಗಾಳಿಯಲ್ಲಿ ಹಾರಿ ಬಂದು ಅವಳ ಕಾಲ ಬುಡದಲ್ಲಿ ಬಿತ್ತು. ಅದನ್ನು ಎತ್ತಿ, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟಳು.

“ಇನ್ನೊಂದು ಮಾತು,” ಎಂದಳು ಗದ್ದಲದ ಮೇಲೆ ದನಿಯೆತ್ತಿ. ಕಿಕ್ಕಿರಿದ ಬಸ್ಸಿನ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಮುಟ್ಟುತ್ತಿದ್ದ ದನಿ ಅದು. “ಮುಂದಿನ ಅಧಿವೇಶನದ ಹೊತ್ತಿಗೆ ಸಭಾಧ್ಯಕ್ಷರು ಹುಷಾರಾಗಿ ಬಂದಿರ್ತಾರೆ. ನಾನು ಮೂರನೇ ಸಾಲಿನಲ್ಲಿ ನಿಂತಿರ್ತೀನಿ. ಆವತ್ತು ನನ್ನನ್ನೂ ಸೇರಿಸಿ ಎಣಿಸಿ.”

ಸದನ ಮುಗಿದ ಮೇಲೆ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಗಂಡ.

“ನೋಡಿದ್ರಾ?”

“ನೋಡ್ದೆ ಮಹಾರಾಯ್ತಿ. ಡಿಪೋದೋರೆಲ್ಲ ನನ್ನ ಮುಖ ನೋಡ್ತಿದಾರೆ, ನಾನೇ ಕೆಡವಿದ ಹಾಗೆ.”

“ಬೈದ್ಬಿಡ್ರಿ.”

“ಬೈಯೋಕೆ ಪುರುಸೊತ್ತಿಲ್ಲ. ಇನ್ನೊಂದು ಟ್ರಿಪ್ ಹಾಕಿದಾರೆ.” ಅವನ ಹಿಂದೆ ಯಾರೋ ಬಸ್ಸಿನ ನಂಬರು ಕೂಗಿದರು. “ಐದನೆಯವಳು ಇಲ್ಲಿದೀನಿ ಅಂದ್ಯಲ್ಲ, ಆಗ ಎಲ್ರೂ ಬಿದ್ದುಬಿದ್ದು ನಕ್ರು ಕಣೇ. ಆಮೇಲೆ ಯಾರೂ ನಗ್ಲಿಲ್ಲ.”

“ಯಾವ ಬಸ್ಸು? ಎಷ್ಟೊತ್ತಿಗೆ?”

ಮೆಟ್ಟಿಲ ಬಳಿ ಕಾಯುತ್ತಿದ್ದ ಸರ್ಕಾರಿ ಕಾರಿನ ಡ್ರೈವರನಿಗೆ, “ಬೆಳಿಗ್ಗೆ ಎಷ್ಟಕ್ಕೆ ಬಂದೆ?” ಎಂದು ಕೇಳಿದಳು. ಆರಕ್ಕೆ ಎಂದ. “ಮನೆಗೆ ಹೋಗು,” ಎಂದು ಹೇಳಿ, ಶಾಲು ಹೊದ್ದು ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆಯ ಬಿಸಿಲು ಬಸ್ಸಿನ ಗಾಜುಗಳ ಮೇಲೆ ಅಡ್ಡಕ್ಕೆ ಬಿದ್ದಿತ್ತು. ಅವಳು ಗಂಡನ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತಳು. ಅವನು ತಿರುಗಲಿಲ್ಲ. ಮೇಲಿನ ಕನ್ನಡಿಯಲ್ಲಿ ಕೆಂಪಗಾದ ಎರಡು ಕಣ್ಣು ಅವಳನ್ನು ಕಂಡು, ರಸ್ತೆಗೆ ಮರಳಿದವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಂಡಕ್ಟರ್ ಹುಡುಗಿಗೆ ಅವಳ ಗುರುತು ಹತ್ತಿತ್ತು. ನಮಸ್ಕಾರ ಹೇಳಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಟಿಕೆಟು ಕೊಟ್ಟು, ಹಿಂದಿನಿಂದ ತಲೆ ಎಣಿಸುತ್ತ ಬಂದು, ಅವಳನ್ನೂ ಎಣಿಸಿ ಮುಂದೆ ಹೋದಳು.

ಮೂರನೇ ನಿಲ್ದಾಣ ದಾಟಿದ ಮೇಲೆ ಕನ್ನಡಿಯಲ್ಲಿ ರೆಪ್ಪೆಗಳು ಒಮ್ಮೆ ಭಾರವಾಗಿ ಇಳಿದವು. ಅವಳು ಮುಂದೆ ಬಾಗಿ, ಅವನ ಸೀಟಿನ ಹಿಂದಿನ ತಗಡಿಗೆ ಬೆರಳಿನಿಂದ ಎರಡು ಸಲ ತಟ್ಟಿದಳು. ರೆಪ್ಪೆಗಳು ಎದ್ದವು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.