ಆಲದ ಮರಕ್ಕೆ ಸುತ್ತಿದ ಪಟಾಕಿ

ಗಂಗಾ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಬಾರದಿತ್ತು. ಆದರೆ ಹುಟ್ಟಿದೂರಿನ ಶಾಲೆಯ ಬಯಲಲ್ಲಿ ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟು, ಎದುರಿಗೇ ಅಪ್ಪ ನಿಜಗುಣಪ್ಪ ಮೀಸೆ ತಿರುವುತ್ತ ಕೂತಿದ್ದರೆ ಯಾರ ನಾಲಿಗೆ ತಾನೇ ಹತೋಟಿಯಲ್ಲಿರುತ್ತದೆ?

ಪುಣೆಯ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಬಾವಲಿಗಳ ವೈರಸ್ಸು ಹುಡುಕುವ ಕೆಲಸ. ಮುನವಳ್ಳಿಯಾಚೆಯ ಈ ಊರಿಗೇ ಬಂದು, ಟಿಪ್ಪುಸಾಬನ ಹೊಲದ ಆಲದ ಮರದ ಬಾವಲಿಗಳ ಎಂಜಲು, ಹಿಕ್ಕೆ ಒಯ್ದಿದ್ದಳು. 2008ರ ಮಾರ್ಚಿನ ಆ ಸಂಜೆ ಅದನ್ನೇ ಹೇಳಿದಳು.

"ಒಂದ ಮರದಾಗ ಎಷ್ಟ ಥರದ ವೈರಸ್ ಅದಾವ ಗೊತ್ತೇನ್ರಿ? ಒಂದರ ಕುಲ ಒಂದಕ್ಕ ಕೂಡಂಗಿಲ್ಲ. ಕೆಲವನ್ನಂತೂ ಜಗತ್ತಿನಾಗ ಯಾರೂ ನೋಡಿಲ್ಲ. ಬಂಗಾಲದಾಗ ಮಂದಿ ಸತ್ತದ್ದು ಬಾವಲಿ ವೈರಸ್ಸಿನಿಂದನ!"

ಚಪ್ಪಾಳೆಯೋ ಚಪ್ಪಾಳೆ! ಮನುಷ್ಯರಿಗೆ ತಗಲುತ್ತದೆಂದು ಗೊತ್ತಾದದ್ದು ಇವುಗಳಲ್ಲಿ ಒಂದೂ ಇಲ್ಲ, ಮರದ ತಂಟೆಗೆ ಹೋಗದಿದ್ದರೆ ಸಾಕು ಎನ್ನುವ ಉಳಿದರ್ಧವನ್ನು ಅವಳು ನುಂಗಿಕೊಂಡಳು. ಮರೆತು ಅಲ್ಲ. ಹೇಳಿದರೆ ಸಭೆ ಸಪ್ಪಗಾಗುತ್ತಿತ್ತು.

ಮದುವೆ ಮೆರವಣಿಗೆ ಬಂದರೂ ಆ ಮರದ ಹತ್ತಿರ ಬಾಜಾ ನಿಲ್ಲಿಸಿ, ಪಿಟ್ಟೆನ್ನದೆ ದಾಟುವ ಊರದು. ಬಾವಲಿ ಬೆದರಿ ಹಾರಿದರೆ ಮದುಮಕ್ಕಳಿಗೆ ಒಳಿತಲ್ಲವೆಂದು ನಂಬಿಕೆ. ಮರುದಿನ ಅದೇ ಊರಿನವರು ಬುಡಕ್ಕೆ ಪಟಾಕಿ ಸರ ಸುತ್ತಿದರು.

ಟಿಪ್ಪುಸಾಬ ಕೈ ಮುಗಿದ. "ಮರಿ ಹಾಕ್ಯಾವ್ರಿ ಅಣ್ಣಾರ, ಸ್ವಲ್ಪ ದಿನ ತಡೀರಿ."

"ನನ್ನ ಮಗಳ ಹೇಳ್ಯಾಳೋ ಸಾಬ! ಅಕಿಗಿಂತ ನಿನಗ ಹೆಚ್ಚ ಗೊತ್ತೈತೇನ?" ಎಂದು ಕಡ್ಡಿ ಗೀರಿದವನು ಸ್ವತಃ ನಿಜಗುಣಪ್ಪ.

ಪುಣೆಗೆ ಹೊರಟ ಗಂಗಾ ಯರಗಟ್ಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಊರ ಕಡೆಯಿಂದ ಬಂದ ಟೆಂಪೋದವನು ಎಲ್ಲ ಹೇಳಿ, "ಛಲೋ ಆತ್ರಿ ಅಕ್ಕಾರ, ಪೀಡಾ ಹೋತು" ಎಂದು ನಕ್ಕ. ಗಂಗಾ ಅದೇ ಟೆಂಪೋ ತಿರುಗಿಸಿಕೊಂಡು ಊರಿಗೆ ಬಂದಳು.

ಪೀಡೆ ಎಲ್ಲಿ ಹೋಗಿತ್ತು? ಆಲದ ಮರ ಬೋಳಾಗಿತ್ತು, ಅಷ್ಟೇ. ಬಾವಲಿಗಳು ಚೆದುರಿ ಹಿತ್ತಲಿನ ಬೇವಿಗೆ, ಹುಣಸೆಗೆ, ಕುಡಿಯುವ ನೀರಿನ ಬಾವಿಯ ಮೇಲಿನ ಅತ್ತಿಗೆ ಜೋತುಬಿದ್ದಿದ್ದವು. ದೂರ ಹೊಲದಲ್ಲಿದ್ದುದನ್ನು ಮಂದಿಯ ನೆತ್ತಿಯ ಮೇಲೆ ತಂದು ಕೂಡಿಸಿದವಳು ತಾನೇ ಎಂದು ಗಂಗಾಳಿಗೆ ಅಲ್ಲೇ ತಿಳಿಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು.

ಟಿಪ್ಪುಸಾಬ ಬುಡದಲ್ಲಿ ಕೂತು, ಉದುರಿದ ಮರಿಗಳಿಗೆ ಅರಳೆಯಲ್ಲಿ ಹಾಲು ಹನಿಸುತ್ತಿದ್ದ. ಬರಿಗೈ. ಹೆಬ್ಬೆರಳಿನಿಂದ ರಕ್ತ.

"ಕಾಕಾ, ಕಡದಾವೇನ್ರಿ?"

"ಒಂದು ತಾಯಿ ಕಡೀತವಾ. ಅದರದೇನ ತಪ್ಪು, ಅಂಜಿತ್ತು."

ಅವನನ್ನು ಎಬ್ಬಿಸಿ, ಬೋರಿನ ನೀರು ಬಿಟ್ಟು, ಚೀಲದ ಸಾಬೂನು ತೆಗೆದು ಆ ಕೈಯನ್ನು ತಿಕ್ಕಿದಳು, ತಿಕ್ಕಿದಳು. "ಸವದತ್ತಿ ದವಾಖಾನಿಗೆ ನಡೀರಿ, ನಾಯಿ ಕಡದ್ರ ಕೊಡೂ ಇಂಜೆಕ್ಷನ್ ಮಾಡಸೂಣು."

"ನೀ ಹೇಳಿದ್ಯಲ್ಲಾ, ಅಷ್ಟ ಥರದ್ದು, ಅದಕ್ಕೆಲ್ಲಾ ಆ ಒಂದ ಸೂಜಿ ನಡೀತೈತೇನ?"

ನಡೆಯುತ್ತದೆಂದು ಸುಳ್ಳು ಹೇಳಲಾರದೆ ಗಂಗಾಳಿಗೆ ಸಿಟ್ಟೇ ಬಂತು. "ನಿನ್ನೆ ಸಾಲ್ಯಾಗ ಕೇಳಿದ ಮ್ಯಾಲೂ ಬರಿಗೈಲೆ ಯಾಕ ಮುಟ್ಟಿದ್ರಿ?"

"ಕೇಳೇನಿ ಅಂತನ ಮುಟ್ಟಿದ್ನೆವಾ" ಎಂದ ಟಿಪ್ಪುಸಾಬ. "ಹುಡುಗೂರು ಮರಿ ಆರಸಾಕ ಹತ್ತಿದ್ರು. ನೀ ಹೇಳಿದ್ದು ಖರೇ ಇರತೈತೆಂತ ಅವರನ್ನ ಬೈದು ಓಡಿಸಿ, ನಾನ ಎಲ್ಲಾ ಎತ್ತಿದ್ನಿ."