ಕಪ್ಪು ಬಿಳುಪಾದ ಕಂಬಗಳು

ಮಂಜುಷಾ ಕಲಬುರಗಿಯಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಸಣ್ಣ ಸಂಸ್ಥೆಯಲ್ಲಿದ್ದಳು. ಕಮಲಾಪುರದ ಒಂದು ಓಣಿಯ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಎಕ್ಸೆಲ್‌ನಲ್ಲಿ ಚಾರ್ಟ್ ಮಾಡಿ ಆ ಓಣಿಗೆ ಕಳಿಸಿದ್ದಳು. ನೈಟ್ರೇಟ್ ಹೆಚ್ಚಿದಷ್ಟೂ ಕಂಬ ಎತ್ತರ; ಒಳ್ಳೆಯ ನೀರಿನ ಕಂಬಕ್ಕೆ ಹಸಿರು, ಕುಡಿಯಬಾರದ್ದಕ್ಕೆ ಕೆಂಪು. ಆ ಹಸಿರನ್ನು ಆರಿಸಲೆಂದೇ ಅರ್ಧ ಮಧ್ಯಾಹ್ನ ಕಳೆದಿದ್ದಳು.

ಮುಂದಿನ ವಾರ ಅಲ್ಲಿಗೆ ಹೋದಾಗ, ಎಲ್ಲಕ್ಕಿಂತ ಕೆಟ್ಟದೆಂದು ತೋರಿಸಿದ್ದ ಬೇವಿನಮರದ ಬೋರ್‌ವೆಲ್‌ನಲ್ಲೇ ಒಬ್ಬ ಹೆಂಗಸು ಕೊಡ ತುಂಬುತ್ತಿದ್ದರು. ಹೆಸರು ಮಸ್ತಾನಬಿ.

"ಖಾಲಾ, ಈ ನೀರು ಯಾಕ್ರಿ ಒಯ್ತೀರಿ?"

"ಮೊಮ್ಮಗಳ ಡಬ್ಬಿ ಹಾಲಿನ ಪುಡಿ ಕಲಸಾಕ ಮೇಡಂ. ನೀವೇ ಕಾಗದ ಹಚ್ಚೀರಲ್ರೀ, ಇದರ ಕಂಬ ಎಲ್ಲಾಕಿಂತ ಎತ್ತರ ಅದ. ಛಲೋ ನೀರು ಅಂತ ಹಳೇ ಬೋರು ಬಿಟ್ಟು ಇಲ್ಲಿಗೇ ಬರಾಕತ್ತೀವಿ."

ಮಂಜುಷಾ ಕಾಗದ ಹಚ್ಚಿದ್ದ ಗೋಡೆಯತ್ತ ಓಡಿದಳು. ಯಾರೋ ಚಾರ್ಟನ್ನು ಝೆರಾಕ್ಸ್ ಮಾಡಿಸಿ ಅಂಟಿಸಿದ್ದರು. ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿದ್ದವು.

"ಚೆಲ್ರಿ ಖಾಲಾ, ಮೊದಲು ಆ ನೀರು ಚೆಲ್ರಿ! ಕೂಸಿನ್ನ ಡಾಕ್ಟರ್‌ಗೆ ತೋರಿಸೋಣು ನಡೀರಿ."

ನೈಟ್ರೇಟ್ ಹೆಚ್ಚಾದರೆ ಕೂಸುಗಳ ಮೈ ನೀಲಿಗಟ್ಟುತ್ತದೆ; ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ತುಟಿ, ಉಗುರು ನೋಡಿದರು. ಅವು ನೀಲಿಗಟ್ಟಿರಲಿಲ್ಲ. "ಏನೂ ಆಗಿಲ್ಲ, ನೀರು ಬದಲಿಸಿರಿ" ಎಂದರು. ಮಸ್ತಾನಬಿ ಮೊಮ್ಮಗಳನ್ನು ಎದೆಗೊತ್ತಿಕೊಂಡರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಂಜುಷಾಗೆ.

ಕಚೇರಿಗೆ ಮರಳಿ ಚಾರ್ಟ್ ತೆರೆದಳು. ಕಂಬದ ಮೇಲೆ ಮೌಸ್ ಒಮ್ಮೆ ಒತ್ತಿದರೆ ಎಲ್ಲ ಕಂಬಗಳೂ ಆಯ್ಕೆಯಾಗುತ್ತವೆ, ಇನ್ನೊಮ್ಮೆ ಒತ್ತಿದರೆ ಒಂದೇ. ಹಾಗೆ ಒಂದೊಂದರ ಬಣ್ಣ ತೆಗೆದು, ಕೆಟ್ಟ ನೀರಿಗೆ ಕಪ್ಪು ಚುಕ್ಕಿ, ಒಳ್ಳೆಯದಕ್ಕೆ ಗೆರೆ ತುಂಬಿದಳು. ಝೆರಾಕ್ಸ್ ಮಾಡಿಸಿಯೂ ನೋಡಿದಳು. ಎರಡೂ ಬೇರೆಬೇರೆಯಾಗಿಯೇ ಕಂಡವು. ಆದರೂ ಧೈರ್ಯ ಸಾಲಲಿಲ್ಲ. ಅಂಟಿಸುವ ಮೊದಲು ಮಸ್ತಾನಬಿಗೇ ತೋರಿಸಿದಳು.

"ಖಾಲಾ, ಇದರಾಗ ಯಾವ ನೀರು ಕುಡಿಬಾರದು?"

ಅವರು ಗೆರೆಯ ಮೇಲೆ ಬೆರಳಿಟ್ಟರು. "ಇದು. ಗೀಚಿ ಹಾಕೀರಲ್ಲ. ಚುಕ್ಕಿ ನೀರಿನ ಹನಿ ಇದ್ದಂಗ ಅದಾವ."

ಮಂಜುಷಾ ಅಲ್ಲೇ ಕಟ್ಟೆಯ ಮೇಲೆ ಕೂತು, ಲ್ಯಾಪ್‌ಟಾಪ್ ಬಿಚ್ಚಿ, ಎರಡನ್ನೂ ಅದಲುಬದಲು ಮಾಡಿದಳು. ಗೆರೆಯ ಕಂಬಗಳ ನೆತ್ತಿಯ ಮೇಲೆ "ಕುಡಿಯಬೇಡಿ" ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ದಪ್ಪಗೆ ಬರೆದಳು.

"ಎತ್ತರ ಇದ್ದದ್ದು ಕೆಟ್ಟದ್ದು ಹ್ಯಾಂಗಾಗ್ತದ ಬೇಟಾ?" ಮಸ್ತಾನಬಿ ಕೇಳಿದರು.

"ಜ್ವರ ಏರಿದಂಗ ಖಾಲಾ."

ಅವರು ತಲೆಯಾಡಿಸಿದರು. "ಹಾಂಗ ಹೇಳು. ನಾ ಓಣ್ಯಾಗ ಎಲ್ಲಾರಿಗೂ ಹೇಳ್ತೇನಿ."