ಪೆಟ್ರೋಲ್ ಕಾಕ್ ಮತ್ತು ಮಹಡಿಯ ಮೇಲಿನ ಅಮ್ಮ

೧

ಟಪ್.

ಹೀಗೆ ಶುರು ಮಾಡಬಹುದೇ? ರಾತ್ರಿ ಒಂದೂಮುಕ್ಕಾಲು, ಮನೆಯೆಲ್ಲ ಮಲಗಿದೆ, ಕೆಳಗೆಲ್ಲೋ ಒಂದು ಸಣ್ಣ ಸದ್ದು. ಇಂಥ ಆರಂಭ ಓದಿದ ಕೂಡಲೇ ನೀವು ಕಳ್ಳನನ್ನೋ ದೆವ್ವವನ್ನೋ ಕಾಯತೊಡಗುತ್ತೀರಿ. ಮೊದಲೇ ಹೇಳಿಬಿಡುತ್ತೇನೆ, ಇಬ್ಬರೂ ಬರುವುದಿಲ್ಲ. ಬರುವುದು ಒಂದು ಹಳೆಯ ಮೋಟರ್‌ಸೈಕಲ್ಲು ಮತ್ತು ಅದರ ಕಾರ್ಬುರೇಟರ್ರು. ಇಷ್ಟಕ್ಕೇ ಎದ್ದು ಹೋಗುವವರು ಹೋಗಬಹುದು, ನನಗೇನೂ ಬೇಜಾರಿಲ್ಲ. (ಬೇಜಾರಿದೆ. ಕೂತುಕೊಳ್ಳಿ.)

೧, ಮತ್ತೊಮ್ಮೆ

ನಾನು ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ಬರೆಯುವವಳು. ‘ಕೆಲವರಲ್ಲಿ ತಲೆಸುತ್ತು ಕಾಣಿಸಿಕೊಳ್ಳಬಹುದು’ ಎಂಬ ವಾಕ್ಯ ನನ್ನದು. ಆಗಬಹುದಾದ ಕೆಟ್ಟದ್ದನ್ನೆಲ್ಲ ಮುಂಚೆಯೇ ಊಹಿಸಿ ಸಣ್ಣ ಅಕ್ಷರದಲ್ಲಿ ಬರೆದಿಡುವುದಕ್ಕೆ ಆಫೀಸಿನಲ್ಲಿ ಸಂಬಳ ಕೊಡುತ್ತಾರೆ; ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಹಾಗಾಗಿ ಸದ್ದು ಕೇಳಿದ್ದೇ ಎದ್ದೆ. ಮೆಟ್ಟಿಲಿಳಿಯುವಾಗಲೇ ಪೆಟ್ರೋಲ್ ವಾಸನೆ. ಲೈಟ್ ಹಾಕಲಿಲ್ಲ, ಸ್ವಿಚ್ಚಿನಿಂದ ಕಿಡಿ ಹಾರಿದರೆ? ಬಾಗಿಲು ತೆಗೆದರೆ, ಬೀದಿದೀಪದ ಬೆಳಕಿನಲ್ಲಿ ಅಪ್ಪ ಆಗಲೇ ಬೈಕಿನ ಪಕ್ಕ ಮಂಡಿಯೂರಿದ್ದರು. ಕಾರ್ಬುರೇಟರಿನ ಸಣ್ಣ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ ತೆರೆದೇ ಇತ್ತು.

ಅಪ್ಪ ಅದನ್ನು ತಿರುಗಿಸಿದರು. ತೊಟ್ಟು ನಿಂತಿತು. ನನ್ನ ಕಡೆ ನೋಡದೆ, “ಮುಚ್ಚಿದ್ದೆನಲ್ಲ” ಎಂದರು.

ಆಮೇಲೆ, ಎದ್ದು ನಿಂತು, “ಅಮ್ಮನಿಗೆ ಹೇಳ್ಬೇಡ.”

೨

ಒಂದು ಕಾಕ್ ಮುಚ್ಚಲು ಮರೆತರೆ ಅದೇನು ಮಹಾ ಎಂದು ನೀವು ಕೇಳುವಿರೆಂದು ನನಗೆ ಗೊತ್ತು. ಅಪ್ಪ ಮೂವತ್ತೆರಡು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ದಿನಾ ಸಂಜೆ ನಲವತ್ತು ಗ್ಯಾಸ್ ನಲ್ಲಿಗಳನ್ನು ಒಂದೊಂದಾಗಿ ಮುಚ್ಚಿ, ಎರಡೆರಡು ಸಲ ಬೆರಳಿನಿಂದ ತಟ್ಟಿ, “ಮುಚ್ಚಿದೆ” ಎಂದು ಬಾಯಿಬಿಟ್ಟು ಹೇಳಿ ಮುಂದಿನದಕ್ಕೆ ಹೋಗುತ್ತಿದ್ದರು. ಒಂದನ್ನೂ ಯಾವತ್ತೂ ಮರೆತವರಲ್ಲ. ಮನೆಯಲ್ಲಿ ಬೈಕಿಗೂ ಅದೇ ತಟ್ಟುವುದು, ಅದೇ ಮಾತು; ನಿವೃತ್ತಿಯಾದ ಮೇಲೆ ಎರಡೂ ಬೈಕಿನ ಪಾಲಿಗಷ್ಟೇ ಉಳಿದವು.

ಇನ್ನೊಂದು ವಿಷಯ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಕೊನೆಕೊನೆಗೆ ತಮ್ಮ ಮನೆಯ ಬಾಗಿಲನ್ನೇ ಗುರುತು ಹಿಡಿಯುತ್ತಿರಲಿಲ್ಲ. ಅದು ಶುರುವಾದದ್ದೂ ಬಚ್ಚಲಮನೆಯ ಒಂದು ನಲ್ಲಿಯಿಂದ.

(ತಮಾಷೆಯ ಕಥೆ ಬರೆಯಲು ಕೂತಿದ್ದೆ. ಈ ಪ್ಯಾರಾವನ್ನು ಎರಡು ಸಲ ಅಳಿಸಿದೆ. ಎರಡು ಸಲವೂ ಉಳಿದ ಕಥೆ ಸ್ಟಾರ್ಟ್ ಆಗಲಿಲ್ಲ.)

೩

ಮೂಲೆಯ ಮೆಕ್ಯಾನಿಕ್ ಗಾಡಿಯನ್ನು ಮುಟ್ಟುವ ಮೊದಲು ಮೂಸಿ ನೋಡುತ್ತಾನೆ. ಮೂಸಿದ. ಪ್ಲಗ್ ಬಿಚ್ಚಿದ, ಕಾಡಿಗೆಯಂತೆ ಕಪ್ಪಾಗಿ, ಒದ್ದೆಯಾಗಿತ್ತು. ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚಿದಾಗ ತಟ್ಟೆಗೆ ಒಂದು ಚಿಟಿಕೆ ಕೆಂಪು ತುಕ್ಕು ಸುರಿಯಿತು. ಪೆಟ್ರೋಲ್ ಹಾಯುವ ಸಣ್ಣ ಜೆಟ್ಟುಗಳನ್ನು ಬಿಚ್ಚಿ ಬಾಯಿಂದ ಊದಿ, ಒಂದೊಂದನ್ನೂ ಸೂರ್ಯನಿಗೆ ಹಿಡಿದು, ತೂತಿನಲ್ಲಿ ಬೆಳಕು ಕಂಡ ಮೇಲೆ ತೃಪ್ತನಾದ. ಕೊನೆಗೆ ಸೂಜಿಯಂಥದ್ದೊಂದನ್ನು ಎತ್ತಿ ತೋರಿಸಿದ. ಬಟ್ಟಲು ತುಂಬಿದಾಗ ಪೆಟ್ರೋಲ್ ಒಳಬರುವ ದಾರಿಗೆ ಅಡ್ಡ ನಿಲ್ಲಬೇಕಾದ ಫ್ಲೋಟ್ ಪಿನ್ ಅದು. ತುದಿ ಸವೆದು ಮೊಂಡಾಗಿತ್ತು.

“ಇದು ಬಾಗಿಲು ಕಾಯೋನು ಸಾರ್. ನಿದ್ದೆ ಮಾಡ್ತಿದ್ದಾನೆ. ಹೊಸಬನ್ನ ಹಾಕ್ತೀನಿ. ಆದ್ರೂ ಹಳೇ ಗಾಡಿ, ರಾತ್ರಿ ಕಾಕ್ ಮುಚ್ಚೋದು ಮಾತ್ರ ಮರೀಬೇಡಿ.”

ಅಪ್ಪ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ನಾನು ಐದು ವಿಶೇಷಣ ಬರೆದು ಐದನ್ನೂ ಹೊಡೆದುಹಾಕಿದ್ದೇನೆ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ಕುತ್ತಿಗೆಗೆ ಟೇಪು ಹಾಕಿಕೊಂಡೇ ಹೊರಗೆ ಬಂದು, ಏನ್ ಸಾರ್, ಮೊನ್ನೆ ಸಂಜೆ ಅಷ್ಟು ಕೈ ಬೀಸಿದ್ರೂ ನಿಲ್ಲಿಸದೆ ಹೋದ್ರಲ್ಲ, ದೊಡ್ಡ ಮನುಷ್ಯರಾಗಿಬಿಟ್ರಿ ಎಂದು ರೇಗಿಸಿದ. ಅಪ್ಪ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ನನಗೆ ಹೇಳಿದರು: ಮೊನ್ನೆ ಸಂಜೆ ತಾವು ಗಾಡಿ ತೆಗೆದದ್ದೇ ನೆನಪಿಲ್ಲ. ದಿನಾ ನಾಲ್ಕರಿಂದ ಆರು ವಾಚನಾಲಯಕ್ಕೆ ನಡೆದೇ ಹೋಗುವುದಲ್ಲವೇ?

ಮೊನ್ನೆ ಆ ಹೊತ್ತಿಗೆ ಅಮ್ಮನೂ ಮನೆಯೊಳಗೆ ಇರಲಿಲ್ಲ. ದಿನಾ ಸಂಜೆಯಂತೆ ಮಹಡಿಯ ಮೇಲೆ ಬಟ್ಟೆ ತೆಗೆಯಲು ಹೋಗಿದ್ದಳು.

(ಈ ವಾಕ್ಯವನ್ನು ನೆನಪಿಡಿ. ನಾನು ಮರೆತೆ.)

೪

ಹೊಸ ಪಿನ್ ಬಂದ ಮೇಲೆ ಟಪ್ ನಿಂತಿತು. ಕಾಕ್ ತೆರೆದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಅಪ್ಪ ಒಂದು ಸಣ್ಣ ನೋಟ್‌ಬುಕ್ ಇಟ್ಟರು. ‘ಮಂಗಳವಾರ, ಬೆಳಿಗ್ಗೆ ೧೦.೨೦. ಮುಚ್ಚಿದೆ.’ ಅದರ ಕೆಳಗೆ, ಅದೇ ಕೈಬರಹದಲ್ಲಿ, ‘ಮಂಗಳವಾರ, ರಾತ್ರಿ ೯.೧೦. ತೆರೆದಿದೆ.’ ಗುರುವಾರವೂ ಹಾಗೇ. ಶುಕ್ರವಾರ ಊಟಕ್ಕೆ ಕೂತಾಗ, ಬೈಕನ್ನು ಸೋಮವಾರ ಮೆಕ್ಯಾನಿಕ್‌ಗೆ ಕೊಟ್ಟುಬಿಡುವುದಾಗಿ ಹೇಳಿದರು. ಕಾರಣ ಕೇಳಿದರೆ, ಬೆನ್ನು ನೋವು ಎಂದರು. ಅಮ್ಮನ ಕೈಯಲ್ಲಿದ್ದ ಸೌಟು ತಟ್ಟೆಗೂ ಪಾತ್ರೆಗೂ ನಡುವೆ ನಿಂತಿತು. ನಾನು ಅದನ್ನು ಬೆನ್ನುನೋವಿನ ಚಿಂತೆ ಎಂದು ಬರೆದುಕೊಂಡೆ.

೪ರ ಬಾಲ

ಇಲ್ಲಿಗೆ ಬಂದಾಗ ಕರಡು ಕೆಟ್ಟು ನಿಂತಿತು. ಕಥೆಯೊಳಗಿನ ಅಮ್ಮನನ್ನು ಕರೆದು ವಿಚಾರಿಸಿದೆ.

ನಿನ್ನನ್ನು ಪ್ರತಿ ಸಂಜೆ ಮಹಡಿಗೆ ಕಳಿಸಿದ್ದೇನೆ, ನಲವತ್ತು ನಿಮಿಷ ಬರುವುದೇ ಇಲ್ಲವಲ್ಲ, ಎಂದೆ.

“ಮೂರು ಜನರ ಬಟ್ಟೆ ತೆಗೆಯೋಕೆ ನಲವತ್ತು ನಿಮಿಷ ಬೇಕಾ ಅಂತ ನೀನೇ ಯೋಚನೆ ಮಾಡ್ಬೇಕಿತ್ತು ಕಣೇ. ಬರೆಯೋಳು ನೀನು.”

ಮತ್ತೆಲ್ಲಿ ಹೋಗುತ್ತೀ?

“ನೀನು ಬರೆಯದ ಕಡೆ.”

೫

ಶನಿವಾರ ಆಫೀಸ್ ಅರ್ಧ ದಿನ. ಬಸ್ಸಿಳಿದು ಬರುವಾಗ ನಾಲ್ಕೂವರೆ. ನಮ್ಮ ಬೀದಿಯ ತಿರುವಿನಲ್ಲಿ ಅಪ್ಪ ಎದುರಿಗೆ ಬಂದರು: ಅದೇ ಬೈಕು, ಅದೇ ಹೆಲ್ಮೆಟ್ಟು, ಲ್ಯಾಬಿನ ಕಾಲದ ಅದೇ ಕಂದು ಕೋಟು. ಟೈಲರ್ ಕೈ ಬೀಸಿದ. ಅಪ್ಪ ನಿಲ್ಲಿಸಲಿಲ್ಲ. ನಾನು ಕೈ ಬೀಸಿದೆ. ಅಪ್ಪ ಗಾಬರಿಯಾಗಿ ಬ್ರೇಕ್ ಹಾಕಿದರು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹೆಲ್ಮೆಟ್ಟಿನೊಳಗಿಂದ ಅಮ್ಮನ ಕಣ್ಣುಗಳು.

ನನಗೆ ಮೊದಲು ಬಂದ ಮಾತು, “ಲೈಸೆನ್ಸ್ ಇದೆಯಾ?”

(ಬೇರೆ ಯಾವ ಕಥೆಗಾರ್ತಿಯೂ ಇಂಥ ಕ್ಷಣದಲ್ಲಿ ಇದನ್ನು ಕೇಳುವುದಿಲ್ಲ.)

ಅಮ್ಮ ಹೆಲ್ಮೆಟ್ ತೆಗೆದಳು. ಕೂದಲು ಹಣೆಗೆ ಅಂಟಿತ್ತು. ಅಷ್ಟು ಚೆಂದದ ಅಮ್ಮನನ್ನು ನಾನು ಯಾವ ಡ್ರಾಫ್ಟಿನಲ್ಲೂ ಬರೆದಿಲ್ಲ.

“ಇಪ್ಪತ್ತಾರು ವರ್ಷ ಹಿಂದಿನ ಸೀಟಲ್ಲೇ ಕೂತೆ ಕಣೇ. ನಿಮ್ಮಪ್ಪನ ಬೆನ್ನು ಬಿಟ್ರೆ ಏನೂ ನೋಡಿಲ್ಲ. ರಸ್ತೆ ಮುಂದಿನಿಂದ ಹೇಗಿರುತ್ತೆ ಅಂತ ನೋಡ್ಬೇಕನ್ನಿಸ್ತು.”

ಕಲಿಸಿದ್ದು ಯಾರು ಎಂದು ಕೇಳಿದೆ. ಯಾರೂ ಇಲ್ಲವಂತೆ. ಅಪ್ಪನ ಭುಜದ ಮೇಲಿಂದ ಕ್ಲಚ್ಚು, ಗೇರು, ಚೋಕು ಎಲ್ಲ ನೋಡಿ ನೋಡಿ ಬಾಯಿಪಾಠವಾಗಿತ್ತಂತೆ. ಮನೆಯಿಂದ ತಿರುವಿನವರೆಗೆ ತಳ್ಳಿಕೊಂಡು ಬಂದು, ಇಲ್ಲಿ ಕಿಕ್ ಹೊಡೆದು, ಕಾಲೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ನಾಲ್ಕು ಸುತ್ತು. ಮೊದಲ ದಿನ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಂಜಿನ್ ಸತ್ತಿತಂತೆ. ಹಿಂದೊಮ್ಮೆ ದಾರಿಯಲ್ಲಿ ಪೆಟ್ರೋಲ್ ತೀರಿದಾಗ ಅಪ್ಪ ಬಗ್ಗಿ ಏನನ್ನೋ ತಿರುಗಿಸಿದ್ದು ನೆನಪಾಗಿ, ಅವಳೂ ಬಗ್ಗಿ ತಿರುಗಿಸಿದಳಂತೆ.

“ಮತ್ತೆ ಮುಚ್ಚೋದು?”

“ಏನು ಮುಚ್ಚೋದು?”

ಆಗ ಎಲ್ಲ ಬೆಳಕಾಯಿತು. ಇಪ್ಪತ್ತಾರು ವರ್ಷ, ಮನೆ ಮುಂದೆ ಬೈಕು ನಿಧಾನವಾದ ಕೂಡಲೇ ಅಮ್ಮ ಮೊದಲು ಇಳಿದು ಗೇಟ್ ತೆಗೆಯಲು ಓಡುತ್ತಿದ್ದಳು. ಗೇಟ್ ಹಾಕಿ ತಿರುಗುವಷ್ಟರಲ್ಲಿ ಅಪ್ಪ ಕಾಕ್ ಮುಚ್ಚಿ, ತಟ್ಟಿ, ಎದ್ದು ನಿಂತಿರುತ್ತಿದ್ದರು. “ಮುಚ್ಚಿದೆ” ಎಂಬ ಮಾತನ್ನು ದಿನಾ ಕೇಳಿದ್ದಾಳೆ. ಅದು ಗೇಟಿನ ವಿಚಾರ ಎಂದುಕೊಂಡಿದ್ದಳು.

ಅಪ್ಪನ ನೋಟ್‌ಬುಕ್ಕಿನ ವಿಷಯ ಹೇಳಿದೆ. ದೊಡ್ಡಪ್ಪನ ಹೆಸರು ಎತ್ತಬೇಕಾಗಲಿಲ್ಲ. ಅಮ್ಮ ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟಳು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, “ಮುಚ್ಚೋದು ತೋರಿಸು” ಎಂದಳು.

ತೋರಿಸಿದೆ. ನಾನು ಯಾವತ್ತೂ ಬೈಕ್ ಓಡಿಸಿದವಳಲ್ಲ, ಆದರೆ ಮುಚ್ಚುವುದೆಲ್ಲ ನನಗೆ ಬರುತ್ತದೆ.

೬. ಅಂತ್ಯಗಳು, ನಿಮ್ಮ ಅನುಕೂಲಕ್ಕೆ

ಅ) ಅಮ್ಮ ರಾತ್ರಿ ಎಲ್ಲ ಹೇಳಿಬಿಡುತ್ತಾಳೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬರೆದು, ನಗುವ ಸಾಲನ್ನಷ್ಟೇ ಕಥೆಯೊಳಗಿನ ಅಪ್ಪನಿಗೆ ತೋರಿಸಿದೆ. ತಾವು ಅಷ್ಟು ಬೇಗ ನಗುವವರಲ್ಲ ಎಂದು ಕಾಗದ ವಾಪಸ್ ಕೊಟ್ಟರು.

ಆ) ಕಾಕ್ ಸವೆದು ತಾನಾಗಿಯೇ ತೆರೆದುಕೊಳ್ಳುತ್ತಿದೆ ಎಂದು ಮೆಕ್ಯಾನಿಕ್‌ನಿಂದ ಹೇಳಿಸುವುದು. ಅವನು ಒಪ್ಪಲಿಲ್ಲ. ಗಾಡಿ ಮೇಲೆ ಸುಳ್ಳು ಹೇಳಿದರೆ ಮೂಗು ಹೋಗುತ್ತದಂತೆ.

ಇ) ನಾನೇ ಹೇಳುವುದು. ಅಮ್ಮ ಬೇಡವೆಂದಳು. “ಬಾಯಲ್ಲಿ ಹೇಳಿದ್ರೆ ಕ್ಷಮೆ ಕೇಳಿದ ಹಾಗಾಗುತ್ತೆ. ಮುಚ್ಚದೇ ಇದ್ದಿದ್ದಕ್ಕೆ ಬೇಕಾದ್ರೆ ಕೇಳ್ತೀನಿ, ಓಡಿಸಿದ್ದಕ್ಕೆ ಕೇಳಲ್ಲ.”

೭

ಭಾನುವಾರ ಸಂಜೆ ಅಪ್ಪ, ಕೊನೆಯ ಸಲ ಒಂದು ಸುತ್ತು ಹೋಗಿಬರೋಣ ಎಂದು ಅಮ್ಮನನ್ನು ಕರೆದರು. ಹೋದರು. ನಾನು ಕಿಟಕಿಯಲ್ಲಿ ನಿಂತು ಉಗುರು ಕಚ್ಚಿದೆ. ಅರ್ಧ ಗಂಟೆಗೆ ಬೈಕು ವಾಪಸ್ ಬಂದು ಗೇಟಿನೆದುರು ನಿಂತಿತು, ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಅಮ್ಮ ಇಳಿಯಲಿಲ್ಲ.

ಅಪ್ಪ ಕಾದರು. ತಿರುಗಿ ನೋಡಿದರು.

“ಗೇಟ್ ನೀವೇ ತೆಗೀರಿ” ಎಂದಳು ಅಮ್ಮ.

ಏನೂ ತೋಚದೆ ಅಪ್ಪ ಸ್ಟ್ಯಾಂಡ್ ಹಾಕಿ ಇಳಿದು ಹೋಗಿ ಗೇಟ್ ತೆಗೆದರು. ತಿರುಗುವಷ್ಟರಲ್ಲಿ ಅಮ್ಮ ಮುಂದಿನ ಸೀಟಿಗೆ ಜರುಗಿದ್ದಳು. ಸ್ಟ್ಯಾಂಡ್ ಒದ್ದು, ಕ್ಲಚ್ ಹಿಡಿದು, ಒಂದನೇ ಗೇರಿಗೆ ಹಾಕಿ, ಅಪ್ಪನ ಮುಂದಿನಿಂದಲೇ ಒಳಗೆ ತಂದು ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು. ಇಂಜಿನ್ ಆಫ್ ಮಾಡಿದಳು. ಬಗ್ಗಿ ಕಾಕ್ ತಿರುಗಿಸಿ, ಎರಡು ಸಲ ಬೆರಳಿನಿಂದ ತಟ್ಟಿದಳು.

“ಮುಚ್ಚಿದೆ.”

ಅಪ್ಪ ಗೇಟಿನ ಸರಳು ಹಿಡಿದುಕೊಂಡು ನಿಂತೇ ಇದ್ದರು. ಮಂಗಳವಾರ, ಗುರುವಾರ, ಟೈಲರ್, ಕೋಟು, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದವು. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು, ಗೇಟಿನ ಕಂಬದ ಮೇಲಿಟ್ಟುಕೊಂಡು ಏನೋ ಬರೆದರು. ಆ ರಾತ್ರಿ ಕದ್ದು ನೋಡಿದೆ: ‘ಭಾನುವಾರ, ಸಂಜೆ ೬.೦೫. ಮುಚ್ಚಿದ್ದಾಳೆ.’

(ಅಪ್ಪ ಬೇಗ ನಗುವವರಲ್ಲ, ನಿಜ. ಊಟದ ಮಧ್ಯೆ, ಯಾರೂ ಏನೂ ಹೇಳದೆ ಇದ್ದಾಗ, ಶುರುವಾಯಿತು. ನೀರು ನೆತ್ತಿಗೇರಿ ಅಮ್ಮ ಬೆನ್ನು ಗುದ್ದಬೇಕಾಯಿತು.)

೮

ಇಲ್ಲಿ ಮುಗಿಸಿದರೆ ಚೆನ್ನ. ಆದರೆ ಸೋಮವಾರ ಮೆಕ್ಯಾನಿಕ್ ಗಾಡಿ ಒಯ್ಯಲು ಬಂದ. ಕೊಡುವುದಿಲ್ಲ ಎಂದರು ಅಪ್ಪ. ಏನಾಯ್ತು ಸಾರ್ ಎಂದು ಕೇಳಿದ. ಏನೂ ಆಗಿಲ್ಲ, ಬೆನ್ನು ವಾಸಿಯಾಯಿತು ಎಂದರು. ಅವನು ಗಾಳಿಯನ್ನೊಮ್ಮೆ ಮೂಸಿ, ಅನುಮಾನಪಡುತ್ತಲೇ ಹೋದ. ಅಪ್ಪ ನನ್ನತ್ತ ತಿರುಗಿ ಹುಬ್ಬೆತ್ತಿದರು. ಲೈಸೆನ್ಸ್ ಬರುವತನಕ ಯಾರಿಗೂ ಗೊತ್ತಾಗಬಾರದು ಎಂದು ಅದರರ್ಥ.

ಟೆಸ್ಟಿಗೆ ಇನ್ನೂ ಮೂರು ವಾರವಿದೆ. ಪಾಸಾಗುತ್ತಾಳೋ ಇಲ್ಲವೋ ಕೇಳಬೇಡಿ. ಸಂಭವನೀಯ ಅಡ್ಡಪರಿಣಾಮಗಳ ಪಟ್ಟಿಯೊಂದನ್ನು ಬರೆದಿದ್ದೆ, ಹರಿದುಹಾಕಿದೆ. ಈಗ ಸಂಜೆ ನಾಲ್ಕಕ್ಕೆ ಇಬ್ಬರೂ ಹೊರಡುತ್ತಾರೆ, ಟೈಲರ್ ಅಂಗಡಿ ದಾಟಿದ ಮೇಲೆ ಕೋಟು ಮುಂದೆ, ಅಪ್ಪ ಹಿಂದೆ. ವಾಚನಾಲಯದಲ್ಲಿ ಅಪ್ಪನ ಕುರ್ಚಿ ಖಾಲಿ. ಮಹಡಿಯ ಮೇಲಿನ ಬಟ್ಟೆ ನಾನೇ ತೆಗೆಯುತ್ತೇನೆ. ಏಳು ನಿಮಿಷ ಸಾಕು.

ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಾನೂ ತೀರ್ಮಾನಿಸಿದ್ದೇನೆ. ಹಾಗಾಗಿ ನೀವು ಓದಿದ್ದು ಇನ್ನೂ ಬರೆಯದ ಕಥೆ. ಹೋಗುವಾಗ ಗೇಟ್ ಹಾಕಬೇಡಿ. ಅವರಿನ್ನೂ ಬಂದಿಲ್ಲ.